ಪಾಸ್‌ವರ್ಡಿನ ಮಡಿ

ಕಳೆದ ಮಳೆಗಾಲದಲ್ಲಿ ಅಮ್ಮ ಎರಡು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಫೋನಿನಲ್ಲಿ ಕೇಳಿದರೆ ಒಮ್ಮೆ ಕರೆಂಟಿಲ್ಲ ಅಂದಳು, ಒಮ್ಮೆ ಕಣ್ಣುರಿ ಅಂದಳು, ಇನ್ನೊಮ್ಮೆ ತೋಟಕ್ಕೆ ಕೊಳೆ ಔಷಧಿ ಹೊಡೆಯುವವರು ಬಂದಿದ್ದಾರೆ, ಅವರಿಗೆ ಅಡುಗೆಯಾಗಬೇಕು ಅಂದಳು. ಮೂರೂ ನಿಜವೇ ಇರಬಹುದು. ಅಸಲು ಕಾರಣ ಗೊತ್ತಾದದ್ದು ಚೌತಿಗೆ ಊರಿಗೆ ಹೋದಾಗ. ಕಂಪ್ಯೂಟರಿಗೆ ಕಸೂತಿಯ ಬಟ್ಟೆ ಹೊದೆಸಿತ್ತು. ಪಕ್ಕದಲ್ಲಿ ಇನ್ನೂರು ಪುಟದ ನೋಟ್‌ಬುಕ್ಕು. ಅಮ್ಮ ಮತ್ತೆ ಪೆನ್ನಿಗೆ ಮರಳಿದ್ದಳು.

ಅಮ್ಮ ಪ್ರಾಥಮಿಕ ಶಾಲೆಯಲ್ಲಿ 34 ವರ್ಷ ಪಾಠ ಮಾಡಿದವಳು. ನಿವೃತ್ತಿಯ ನಂತರ ಹಿಡಿದ ಕೆಲಸ, ಅಜ್ಜಿಯಿಂದಲೂ ದೊಡ್ಡಮ್ಮನಿಂದಲೂ ಕಲಿತ ಹಸೆ ಹಾಡು, ಆರತಿ ಹಾಡು, ಬೀಸುವ ಹಾಡುಗಳನ್ನು ಬರೆದಿಡುವುದು. ಅವಳಿಗೆಂದೇ ಹಳೆಯ ಕಂಪ್ಯೂಟರೊಂದಕ್ಕೆ ಲಿನಕ್ಸ್ ಹಾಕಿ, ಕನ್ನಡ ಕೀಲಿಮಣೆ ಕೂರಿಸಿ ಕೊಟ್ಟಿದ್ದೆ. ನೂರಾ ನಲವತ್ತು ಹಾಡು ಟೈಪಾಗಿದ್ದವು.

ಆಮೇಲೆ ನನಗೆ ಬುದ್ಧಿ ಬಂತು. ಬೆಂಗಳೂರಿನ ಆಫೀಸಿನಲ್ಲಿ ಭದ್ರತೆಯ ಬಗ್ಗೆ ಒಂದು ದಿನದ ತರಬೇತಿ ಮುಗಿಸಿದ ಉತ್ಸಾಹದಲ್ಲಿ, ಅಲ್ಲಿನ ನಿಯಮಗಳನ್ನೇ ಅಮ್ಮನ ಕಂಪ್ಯೂಟರಿಗೂ ಹೊರಿಸಿದೆ. ಪಾಸ್‌ವರ್ಡಿಗೆ ಕನಿಷ್ಠ 12 ಅಕ್ಷರ ಬೇಕು. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ನಾಲ್ಕೂ ಇರಬೇಕು. 90 ದಿನಕ್ಕೊಮ್ಮೆ ಬದಲಿಸಬೇಕು. ಮೂರು ಸಲ ತಪ್ಪಿದರೆ ಹತ್ತು ನಿಮಿಷ ಬೀಗ. ಆ ಹತ್ತು ನಿಮಿಷ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬಾಗಿಲು ತೆಗೆಯುವುದಿಲ್ಲ. ಮೊದಲ ಪಾಸ್‌ವರ್ಡನ್ನು ನಾನೇ ಇಟ್ಟು ಚೀಟಿಯಲ್ಲಿ ಬರೆದುಕೊಟ್ಟೆ. ತೊಂಬತ್ತನೆಯ ದಿನ ಯಂತ್ರ ಹೊಸದನ್ನು ಕೇಳಿತು. ಅಮ್ಮ ಕೊಟ್ಟದ್ದನ್ನೆಲ್ಲ ಒಂದೊಂದು ಕಾರಣ ಹೇಳಿ ನಿರಾಕರಿಸಿತು. ಕೊನೆಗೆ ಒಪ್ಪಿದ್ದು ಯಾವುದೆಂದು ಮಾರನೆಯ ದಿನ ಅವಳಿಗೇ ನೆನಪಿರಲಿಲ್ಲ.

“ನಂಗೆ ಫೋನ್ ಮಾಡ್ಬಾರ್ದಿತ್ತಾ?” ಅಂದೆ.

“ಎಂತ ಹೇಳೂದು ಮಾರಾಯ? ಜೀವಮಾನ ಪೂರ್ತಿ ಮಕ್ಕಳಿಗೆ ಮಾರ್ಕ್ಸ್ ಹಾಕ್ದೆ. ಈಗ ಇದು ನನ್ನನ್ನೇ ಫೇಲ್ ಮಾಡ್ತು.”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಹಾಡು ಅವಳ ಮನೆಯಲ್ಲಿ, ಅವಳ ಮೇಜಿನ ಮೇಲೆ, ಅವಳಿಗೇ ಸಿಗದಂತೆ ಕೂತಿತ್ತು. ಯಾವ ಕಳ್ಳನೂ ಮಾಡದ ಈ ಕೆಲಸ ಮಾಡಿದ್ದು ಭದ್ರತೆಯ ಹೆಸರಿನಲ್ಲಿ ನಾನು. ಈ ಲೇಖನದಲ್ಲಿ ಮೊದಲ ಆರೋಪಿ ನಾನೇ. ಆದರೆ ನಾನೊಬ್ಬನೇ ಅಲ್ಲ. ಯಾರ ಮನೆ, ಏನು ಅಪಾಯ ಎಂದು ಕೇಳದೆ ಎಲ್ಲ ಬಾಗಿಲಿಗೂ ಖಜಾನೆಯ ಬೀಗ ಜಡಿಯುವುದೇ ಜಾಣತನ ಎಂಬ ನಂಬಿಕೆ ಎಲ್ಲ ಕಡೆ ಹಬ್ಬಿದೆ. ನನ್ನ ಜಗಳ ಆ ನಂಬಿಕೆಯ ಜೊತೆ.

ಈ ಬೀಗ ಎಲ್ಲಿಂದ ಬಂತು ನೋಡಿ. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ವ್ಯವಸ್ಥೆ ಕಟ್ಟಿದರು. ಯಂತ್ರ ಒಂದು, ಬಳಸುವವರು ಹಲವರು, ಒಬ್ಬೊಬ್ಬರಿಗೂ ಇಂತಿಷ್ಟೇ ಸಮಯ. ಯಾರ ಕಡತ ಯಾರದು, ಯಾರ ಸಮಯ ಎಷ್ಟು ಎಂದು ಬೇರ್ಪಡಿಸಲು ಪಾಸ್‌ವರ್ಡ್ ಬಂತು. ಅಂದರೆ ಇದು ಹಾಸ್ಟೆಲಿನ ಬೀರುವಿಗೆ ಹಾಕುವ ಬೀಗದ ಜಾತಿಯದು. ಅದೂ ಬಹಳ ದಿನ ನಿಲ್ಲಲಿಲ್ಲ. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆಂದು ಇಡೀ ಪಾಸ್‌ವರ್ಡ್ ಕಡತವನ್ನೇ ಮುದ್ರಿಸಿಕೊಂಡ. ಪಾಸ್‌ವರ್ಡ್ ಕಳವು ಪಾಸ್‌ವರ್ಡಿನಷ್ಟೇ ಹಳೆಯದು. ಆ ಕಳವು ನಡೆದದ್ದು ಯಾರೋ ಸುಲಭದ ಪಾಸ್‌ವರ್ಡ್ ಇಟ್ಟಿದ್ದರಿಂದಲ್ಲ. ಎಷ್ಟು ಕಠಿಣವಾದದ್ದನ್ನು ಇಟ್ಟಿದ್ದವನದೂ ಅದೇ ಹಾಳೆಯಲ್ಲಿ ಅಚ್ಚಾಗಿ ಬಂದಿತ್ತು.

ಎಂಐಟಿಯದೇ ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯಕ್ಕೆ ಮುಂದೆ ಪಾಸ್‌ವರ್ಡ್ ಬಂದಾಗ ರಿಚರ್ಡ್ ಸ್ಟಾಲ್‌ಮನ್ ಪ್ರತಿಭಟಿಸಿದರು. ಪಾಸ್‌ವರ್ಡಿನ ಜಾಗದಲ್ಲಿ ಏನನ್ನೂ ಬರೆಯದೆ ಬರೀ ಎಂಟರ್ ಒತ್ತಿ ಎಂದು ಸಹೋದ್ಯೋಗಿಗಳನ್ನು ಒಲಿಸಿದರು. ಇದೇ ಸ್ಟಾಲ್‌ಮನ್ ಆರಂಭಿಸಿದ ಗ್ನೂ ಯೋಜನೆಯ ತಂತ್ರಾಂಶಗಳು ಇಂದಿನ ಬಹುಪಾಲು ಲಿನಕ್ಸ್ ವ್ಯವಸ್ಥೆಗಳ ಮೈತುಂಬ ಇವೆ. ಸ್ಟಾಲ್‌ಮನ್ ಹಾದಿಯನ್ನೇ ಪೂರ್ತಿ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಯಂತ್ರ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆ ಲಿನಕ್ಸಿನ ವಂಶದಲ್ಲೇ ಇದೆ ಎಂದಷ್ಟೇ ನೆನಪಿಸುತ್ತಿದ್ದೇನೆ.

ಇನ್ನು ಯೂನಿಕ್ಸ್ ಕಟ್ಟಿದ ಹಿರಿಯರ ಕಥೆ ಕೇಳಿ. ಆರಂಭದ ಬಿಎಸ್‌ಡಿ ಆವೃತ್ತಿಯೊಂದರ ಕಡತಗಳಲ್ಲಿ ಅವರ ಪಾಸ್‌ವರ್ಡುಗಳು ಗೂಢಲಿಪಿಯ ರೂಪದಲ್ಲಿ ಉಳಿದುಹೋಗಿದ್ದವು. ಆಸಕ್ತರು ಅವನ್ನು ಒಂದೊಂದಾಗಿ ಬಿಡಿಸಿದರು. ಸ್ಟೀವ್ ಬೋರ್ನ್ ಅವರದು ಅವರ ಅಡ್ಡಹೆಸರೇ. ಡೆನಿಸ್ ರಿಚಿಯವರದು ಕೇವಲ ನಾಲ್ಕು ಸಣ್ಣಕ್ಷರ. ಬ್ರಯಾನ್ ಕರ್ನಿಗನ್ ಅವರದು ಕೀಲಿಮಣೆಯಲ್ಲಿ ಅಕ್ಕಪಕ್ಕ ಇರುವ ಮೂರು ವಿರಾಮಚಿಹ್ನೆಗಳನ್ನು ಎರಡು ಸಲ ಒತ್ತಿದ್ದು. ಜಗ್ಗದೆ ನಿಂತದ್ದು ಕೆನ್ ಥಾಂಪ್ಸನ್ ಅವರದು. ಅದು ಬಿದ್ದದ್ದು 2019ರಲ್ಲಿ. ನೋಡಿದರೆ ಅದೊಂದು ಚದುರಂಗದ ನಡೆ, ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ನಡೆಸುವ ಆರಂಭದ ನಡೆ. ಎಲ್ಲಕ್ಕಿಂತ ಗಟ್ಟಿಯಾಗಿದ್ದ ಪಾಸ್‌ವರ್ಡು ಅದನ್ನು ಇಟ್ಟವರಿಗೆ ಅರ್ಥವಿದ್ದ, ಮರೆಯಲು ಸಾಧ್ಯವೇ ಇಲ್ಲದ ಒಂದು ನಡೆಯಾಗಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಈ ಥಾಂಪ್ಸನ್ ಅವರೇ ರಾಬರ್ಟ್ ಮಾರಿಸ್ ಜೊತೆ 1979ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 3,289 ಪಾಸ್‌ವರ್ಡುಗಳನ್ನು ಪರೀಕ್ಷಿಸಿದ್ದರು. ಶೇ. 86ರಷ್ಟು ತೀರಾ ಚಿಕ್ಕವು, ಇಲ್ಲವೇ ನಿಘಂಟಿನಲ್ಲಿ ಸಿಗುವಂಥವು. ಜನ ಸುಲಭದ್ದನ್ನೇ ಇಡುತ್ತಾರೆ ಎಂಬ ಆತಂಕ ಸುಳ್ಳಲ್ಲ. ಆದರೆ ಆ ಆತಂಕಕ್ಕೆ ಮುಂದೆ ಕಂಡುಕೊಂಡ ಮದ್ದು ತಪ್ಪಾಗಿತ್ತು.

ಆ ಮದ್ದಿನ ಪ್ರಸಿದ್ಧ ಚೀಟಿ ಬರೆದವರು ಬಿಲ್ ಬರ್. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್‌ನಲ್ಲಿದ್ದ ಅವರು 2003ರಲ್ಲಿ ಸಿದ್ಧಪಡಿಸಿದ ಮಾರ್ಗಸೂಚಿಯಿಂದಲೇ ದೊಡ್ಡಕ್ಷರ, ಅಂಕಿ, ಚಿಹ್ನೆ, ಆಗಾಗ ಬದಲಾವಣೆ ಎಂಬ ಮಂತ್ರ ಜಗತ್ತಿನ ಆಫೀಸುಗಳಿಗೆಲ್ಲ ಹರಡಿತು. 2017ರಲ್ಲಿ, ನಿವೃತ್ತರಾದ ಮೇಲೆ, ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ಮುಂದೆ ಅವರೇ ಇದರಲ್ಲಿ ಬಹುಪಾಲಿನ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ನಿಸ್ಟ್ ತನ್ನ ಮಾರ್ಗಸೂಚಿಯನ್ನು ತಿದ್ದಿತು: ಇಂಥಿಂಥ ಜಾತಿಯ ಅಕ್ಷರ ಇರಲೇಬೇಕೆಂದು ಹೇರಬೇಡಿ, ಸೋರಿಕೆಯಾದ ಕುರುಹಿಲ್ಲದೆ ಸುಮ್ಮಸುಮ್ಮನೆ ಬದಲಿಸಲು ಹೇಳಬೇಡಿ, ಉದ್ದಕ್ಕೆ ಅವಕಾಶ ಕೊಡಿ, ಈಗಾಗಲೇ ಸೋರಿಹೋದ ಪಾಸ್‌ವರ್ಡುಗಳನ್ನು ಮಾತ್ರ ತಡೆಯಿರಿ. ಬರೆದವರೇ ಹರಿದು ಹಾಕಿದ ಚೀಟಿಯನ್ನು ನಾನು ಆಫೀಸಿನಿಂದ ಜೋಪಾನವಾಗಿ ತಂದು ಅಮ್ಮನ ಬಾಗಿಲಿಗೆ ಅಂಟಿಸಿದ್ದೆ.

ಲೆಕ್ಕವೂ ನನ್ನ ಪರ ಇರಲಿಲ್ಲ. ಕೀಲಿಮಣೆಯ 95 ಅಕ್ಷರ-ಚಿಹ್ನೆಗಳಿಂದ ಕಣ್ಣುಮುಚ್ಚಿ 8 ಆರಿಸಿದರೆ ಎಷ್ಟು ಬಗೆಯ ಪಾಸ್‌ವರ್ಡ್ ಸಾಧ್ಯವೋ, ಬರೀ 26 ಸಣ್ಣಕ್ಷರಗಳಿಂದ 12 ಆರಿಸಿದರೆ ಅದರ ಸುಮಾರು ಹದಿನಾಲ್ಕು ಪಟ್ಟು ಸಾಧ್ಯ. ಉದ್ದದ ಮುಂದೆ ಅಲಂಕಾರದ ಆಟ ನಡೆಯುವುದಿಲ್ಲ. ಇನ್ನು ಮನುಷ್ಯರು ಕಣ್ಣುಮುಚ್ಚಿ ಆರಿಸುವುದೂ ಇಲ್ಲ. ದೊಡ್ಡಕ್ಷರ ಕೇಳಿದರೆ ಮೊದಲ ಅಕ್ಷರವನ್ನೇ ದೊಡ್ಡದು ಮಾಡುತ್ತಾರೆ, ಅಂಕಿ ಕೇಳಿದರೆ ಕೊನೆಯಲ್ಲಿ ಒಂದು ಸೇರಿಸುತ್ತಾರೆ, ಚಿಹ್ನೆ ಕೇಳಿದರೆ ಅದಕ್ಕೊಂದು ಆಶ್ಚರ್ಯಸೂಚಕ ಅಂಟಿಸುತ್ತಾರೆ. ತಿಂಗಳು ಮೂರಾದರೆ ಒಂದು ಎರಡಾಗುತ್ತದೆ. ಇದು ನಿಮಗೆ ಗೊತ್ತು, ನನಗೆ ಗೊತ್ತು, ಕಳ್ಳನಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ನಿಯಮಕ್ಕೆ ಮಾತ್ರ.

ಇದನ್ನೇ ನಾನು ಮಡಿ ಅನ್ನುವುದು. ಬಟ್ಟೆ ಒದ್ದೆಯಿರಬೇಕು, ಕೊಳೆ ಹೋಗಿದೆಯೋ ಇಲ್ಲವೋ ಕೇಳುವ ಹಾಗಿಲ್ಲ. ವಿಧಿ ಮುಗಿದರೆ ಸಮಾಧಾನ. ಮುಗಿಸಲಾಗದವರು ಅಡುಗೆಮನೆಯ ಹೊರಗೆ.

ಸಾಹಿತ್ಯದ ಓದುಗರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಲಿನಕ್ಸಿನಲ್ಲಿ ಗುರುತು ಪರೀಕ್ಷಿಸುವ ವ್ಯವಸ್ಥೆಗೆ ಪ್ಯಾಮ್ ಎಂದು ಹೆಸರು. ಹೊಸ ಪಾಸ್‌ವರ್ಡ್ ಪಾಸೋ ಫೇಲೋ ಎಂದು ಹೇಳುವ ಮೇಷ್ಟರು ಅದರೊಳಗಿನ ಪಿಡಬ್ಲ್ಯೂಕ್ವಾಲಿಟಿ ಎಂಬ ತುಣುಕು. ಈ ಮೇಷ್ಟರಿಗೆ ಅಕ್ಷರವೆಂದರೆ ನಾಲ್ಕೇ ವರ್ಗ: ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ‘ಇತರೆ’. ನಮ್ಮ ವರ್ಣಮಾಲೆಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವೇ ಇಲ್ಲ. ಹಾಗಾಗಿ ಅ ಇಂದ ಳ ವರೆಗೆ, ಸ್ವರ, ವ್ಯಂಜನ, ಒತ್ತು, ಕೊಂಬು, ಗುಡಿಸು ಎಲ್ಲವೂ ‘ಇತರೆ’. ಅಲ್ಪವಿರಾಮ, ಆಶ್ಚರ್ಯಸೂಚಕಗಳ ಪಂಕ್ತಿಯಲ್ಲಿ ಊಟ. ಎಣಿಕೆಯೂ ವಿಚಿತ್ರ. ಅದು ಲೆಕ್ಕ ಹಾಕುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು. ನಾವು ಎರಡೇ ಅಕ್ಷರ ಎನ್ನುವ ‘ಅಮ್ಮ’ ಅದರ ಲೆಕ್ಕದಲ್ಲಿ ಹನ್ನೆರಡು! ಹಾಗೆಂದು ಕನ್ನಡದಲ್ಲೇ ಪಾಸ್‌ವರ್ಡ್ ಇಡಿ ಎಂದು ಹೇಳಲಾರೆ; ಲಾಗಿನ್ ಪರದೆಯಲ್ಲಿ ಕನ್ನಡ ಕೀಲಿಮಣೆ ಕೈಕೊಟ್ಟರೆ ನೀವು ಹೊರಗೇ ಉಳಿಯುತ್ತೀರಿ. ಆದರೆ ಈ ನಿಯಮ ಯಾವ ಭಾಷೆಯ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತು ಎಂಬುದು ಸ್ಪಷ್ಟ.

ನಿಘಂಟಿನ ತಪಾಸಣೆಯದೂ ಇದೇ ಕಥೆ. ಇಂಗ್ಲಿಷಿನ ಸಾಮಾನ್ಯ ಪದ ಹಾಕಿದರೆ ‘ಇದು ನಿಘಂಟಿನ ಪದ’ ಎಂದು ತಳ್ಳುತ್ತದೆ, ಒಳ್ಳೆಯದೇ. ನಮ್ಮ ಬೀದಿಯ ಮಗುವೂ ಊಹಿಸಬಹುದಾದ ಕನ್ನಡ ಪದವೊಂದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ ನೋಡಿದೆ. ನಿಘಂಟಿನ ಕಾವಲುಗಾರ ಕಮಕ್ ಕಿಮಕ್ ಎನ್ನದೆ ಒಳಗೆ ಬಿಟ್ಟ. ಅಮ್ಮನ ಪಾಸ್‌ವರ್ಡ್ ಊಹಿಸಲು ಹೊರಟವನು ಆಕ್ಸ್‌ಫರ್ಡ್ ನಿಘಂಟು ತೆರೆಯುತ್ತಾನೆಯೇ, ನಮ್ಮ ಮನೆದೇವರ ಹೆಸರು ಹುಡುಕುತ್ತಾನೆಯೇ?

ಈಗ ಮುಖ್ಯ ಪ್ರಶ್ನೆ. ಮನೆಯ ಕಂಪ್ಯೂಟರಿನಲ್ಲಿ ಈ ಲಾಗಿನ್ ಪಾಸ್‌ವರ್ಡ್ ಕಾಯುವುದಾದರೂ ಏನನ್ನು? ಡಿಸ್ಕನ್ನು ಗೂಢಲಿಪೀಕರಿಸಿರದಿದ್ದರೆ, ಯಂತ್ರ ಕೈಗೆ ಸಿಕ್ಕವನು ಪೆನ್‌ಡ್ರೈವಿನಿಂದ ಇನ್ನೊಂದು ಲಿನಕ್ಸ್ ಚಾಲೂ ಮಾಡಿ ಒಳಗಿನ ಕಡತಗಳನ್ನೆಲ್ಲ ಓದಬಹುದು. ಅದಕ್ಕೆ ನಿಮ್ಮ ಪಾಸ್‌ವರ್ಡ್ 6 ಅಕ್ಷರದ್ದಾದರೂ ಒಂದೇ, 60 ಅಕ್ಷರದ್ದಾದರೂ ಒಂದೇ. ಮುಂಬಾಗಿಲಿಗೆ ಏಳು ಬೀಗ, ಹಿತ್ತಿಲ ಗೋಡೆಯೇ ಇಲ್ಲ. ಹಾಗಿದ್ದಾಗ ಲಾಗಿನ್ ಪಾಸ್‌ವರ್ಡ್ ತಡೆಯುವುದು ಮುಖ್ಯವಾಗಿ ಮನೆಗೆ ಬಂದ ಮಕ್ಕಳ ಕೈಚಳಕವನ್ನು, ಮತ್ತು ಆಡಳಿತದ ಆದೇಶ ಕೊಡುವ ಮುನ್ನ ‘ಒಮ್ಮೆ ಯೋಚಿಸು’ ಎಂದು ನಮ್ಮನ್ನೇ. ಇವೆರಡಕ್ಕೆ ನಾಲ್ಕು ಜಾತಿಯ ಅಕ್ಷರ ಬೇಕೇ?

ಎದುರುವಾದ ನನಗೆ ಗೊತ್ತು, ಅದರಲ್ಲಿ ಹುರುಳೂ ಇದೆ. ಹೊರಗಿನಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ತೆರೆದಿಟ್ಟು ಯಂತ್ರವನ್ನು ಅಂತರಜಾಲಕ್ಕೆ ಒಡ್ಡಿದ್ದರೆ, ಹಗಲೂ ರಾತ್ರಿ ಯಂತ್ರಗಳೇ ಬಂದು ಪಾಸ್‌ವರ್ಡ್ ಊಹಿಸುತ್ತಿರುತ್ತವೆ. ಅಲ್ಲಿ ಸಡಿಲಿಸುವುದು ಮೂರ್ಖತನ. ಪಾಸ್‌ವರ್ಡ್ ಲಾಗಿನ್ನನ್ನೇ ಮುಚ್ಚಿ ಕೀಲಿ ಕಡತ ಬಳಸಬೇಕು. ಬ್ರೌಸರಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಉಳಿಸಿಟ್ಟಿದ್ದರೆ, ಅನೇಕ ಲಿನಕ್ಸ್ ಡೆಸ್ಕ್‌ಟಾಪುಗಳಲ್ಲಿ ಅವನ್ನು ಬೀಗ ಹಾಕಿಡುವ ಕೀಲಿಗೊಂಚಲು ತೆರೆಯುವುದು ಇದೇ ಲಾಗಿನ್ ಪಾಸ್‌ವರ್ಡಿನಿಂದ. ಆಗ ಡಿಸ್ಕ್ ಕದ್ದವನು ನಿಧಾನವಾಗಿ ಕೂತು ಅದನ್ನು ಒಡೆಯಬಹುದು. ಹೊತ್ತು ತಿರುಗುವ ಲ್ಯಾಪ್‌ಟಾಪಿಗೆ ಡಿಸ್ಕಿನ ಗೂಢಲಿಪೀಕರಣ ಬೇಕು, ಅದಕ್ಕೆ ಉದ್ದವಾದ ಪಾಸ್‌ವರ್ಡೂ ಬೇಕು. ಮಿಂಚಂಚೆ, ಬ್ಯಾಂಕುಗಳಿಗೆ ಒಂದೊಂದಕ್ಕೂ ಬೇರೆಬೇರೆ ಬೇಕು. 2009ರಲ್ಲಿ ರಾಕ್‌ಯೂ ಎಂಬ ತಾಣದಿಂದ ಸೋರಿದ 3.2 ಕೋಟಿ ಪಾಸ್‌ವರ್ಡುಗಳಲ್ಲಿ ಅತಿ ಹೆಚ್ಚು ಜನರದು 123456 ಆಗಿತ್ತು. ಆ ಪಟ್ಟಿ ಇಂದಿಗೂ ಕಳ್ಳರ ಪಠ್ಯಪುಸ್ತಕ.

ಇಷ್ಟೆಲ್ಲ ಒಪ್ಪಿದ ಮೇಲೂ ನನ್ನ ವಾದ ನಿಲ್ಲುತ್ತದೆ. ಈ ಪ್ರತಿಯೊಂದು ಮಾತೂ ಶುರುವಾಗುವುದು ‘ಇಂಥ ಬಾಗಿಲಾದರೆ’ ಎಂದು. ಬಾಗಿಲು ನೋಡಿ ಬೀಗ ಹಾಕುವುದು ಭದ್ರತೆ. ಎಲ್ಲದಕ್ಕೂ ಒಂದೇ ಬೀಗ ಹಾಕುವುದು ಸೋಮಾರಿತನ, ಜಾಗರೂಕತೆಯ ಅಂಗಿ ತೊಟ್ಟ ಸೋಮಾರಿತನ. ಅದರ ಬೆಲೆ ತೆರುವವರು ನಿಯಮ ಬರೆಯುವವರಲ್ಲ. ನನಗೆ ಪಾಸ್‌ವರ್ಡ್ ಮರೆತರೆ ಹಿಂಬಾಗಿಲು ಗೊತ್ತು. ಅಮ್ಮನಿಗೆ ಮರೆತರೆ ‘ನನಗೆ ವಯಸ್ಸಾಯ್ತು, ಇದೆಲ್ಲ ನನ್ನಂಥವರಿಗಲ್ಲ’ ಅನಿಸುತ್ತದೆ. ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು, ಯಾವುದರ ಹಿಂದೆ ಯಾವುದು, ಯಾವ ಶಾಸ್ತ್ರಕ್ಕೆ ಯಾವುದು ಎಂದು ಪುಸ್ತಕವಿಲ್ಲದೆ ಹೇಳಬಲ್ಲ ತಲೆಯದು. ಆ ತಲೆ ಹನ್ನೆರಡು ಅರ್ಥವಿಲ್ಲದ ಗುರುತುಗಳನ್ನು ಹಿಡಿದಿಡಲಿಲ್ಲವಾದರೆ ಸೋತದ್ದು ತಲೆಯಲ್ಲ. ನೆನಪು ನಿಲ್ಲುವುದು ಅರ್ಥದ ಮೇಲೆ, ಲಯದ ಮೇಲೆ. ಥಾಂಪ್ಸನ್ ಅವರಿಗೆ ಚದುರಂಗ ಹೇಗೋ ಅಮ್ಮನಿಗೆ ಹಾಡು ಹಾಗೆ. ಅರ್ಥವನ್ನೇ ಹೊರಗಿಡುವ ನಿಯಮ ಕೊನೆಗೆ ಏನನ್ನು ಹುಟ್ಟಿಸುತ್ತದೆ? ಪರದೆಗೆ ಅಂಟಿಸಿದ ಹಳದಿ ಚೀಟಿಯನ್ನು.

ಹೇಳಲೇಬೇಕಾದ ಇನ್ನೊಂದು ಮಾತು: ತಪ್ಪು ಲಿನಕ್ಸಿನದಲ್ಲ. ಪಿಡಬ್ಲ್ಯೂಕ್ವಾಲಿಟಿ ತಾನಾಗಿ ಕೇಳುವುದು ಮುಖ್ಯವಾಗಿ 8ರ ಉದ್ದ ಮತ್ತು ನಿಘಂಟಿನ ತಪಾಸಣೆ. ನಾಲ್ಕು ವರ್ಗ, 90 ದಿನ, ಮೂರು ತಪ್ಪಿಗೆ ಬೀಗ, ಇವೆಲ್ಲ ನನ್ನಂಥವರ ಸೇರ್ಪಡೆ. ಮೇಲಾಗಿ ಈ ನಿಯಮಗಳೆಲ್ಲ ಬರೀ ಪಠ್ಯ ಕಡತಗಳಲ್ಲಿ ಬಿಚ್ಚಿಟ್ಟಿವೆ. ಆಡಳಿತದ ಅಧಿಕಾರವಿದ್ದವರು ತೆರೆದು ಓದಬಹುದು, ತಿದ್ದಬಹುದು. ಅಷ್ಟೂ ಬೇಡವೆಂದರೆ ರೂಟ್ ಆಗಿ ನಿಂತು ಬೇರೊಬ್ಬರ ಪಾಸ್‌ವರ್ಡ್ ಬದಲಿಸಿದರೆ, ಅದು ದುರ್ಬಲವೆಂದು ಎಚ್ಚರಿಸುತ್ತದೆ, ಆದರೆ ಬೇರೆ ಕಟ್ಟಪ್ಪಣೆ ಇಲ್ಲದಿದ್ದರೆ ಒಪ್ಪಿಕೊಳ್ಳುತ್ತದೆ. ಹಿರಿಯರು ಮಾಡಬೇಕಾದದ್ದೂ ಅಷ್ಟೇ ಅಲ್ಲವೇ? ಎಚ್ಚರಿಕೆ ಹೇಳುವುದು, ಆಮೇಲೆ ಮನೆಯವರ ತೀರ್ಮಾನಕ್ಕೆ ಬಿಡುವುದು. ಈ ಸ್ವಾತಂತ್ರ್ಯ ಕೈಯಲ್ಲಿದ್ದೂ ನಾವು ಆಫೀಸಿನ ಸರಪಳಿಯನ್ನು ಮನೆಗೆ ಹೊತ್ತು ತರುವುದು ನನಗೆ ಈಗ ನಾಚಿಕೆಯ ಸಂಗತಿ.

ಚೌತಿಯ ಮಾರನೆಯ ದಿನ ಕೂತು ಸರಿಮಾಡಿದೆ. ವರ್ಗಗಳ ನಿಯಮ ತೆಗೆದೆ. 90 ದಿನದ ಗಡುವು ತೆಗೆದೆ. ಹತ್ತು ನಿಮಿಷದ ಬೀಗ ತೆಗೆದೆ. ಉದ್ದದ ನಿಯಮವನ್ನು ಮಾತ್ರ ಹಾಗೇ ಬಿಟ್ಟೆ, ಏಕೆಂದರೆ ನಾಲ್ಕೈದು ಸರಳ ಪದಗಳನ್ನು ಸಾಲಾಗಿ ಜೋಡಿಸಿದರೆ ಉದ್ದ ತಾನಾಗಿ ಬರುತ್ತದೆ, ಎಲ್ಲ ಸಣ್ಣಕ್ಷರದಲ್ಲೇ, ಶಿಫ್ಟ್ ಕೀಲಿ ಮುಟ್ಟದೆ. ಎಸ್‌ಎಸ್‌ಎಚ್ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಬ್ಯಾಂಕಿನ ವ್ಯವಹಾರ ಆ ಯಂತ್ರದಲ್ಲಿ ಇಲ್ಲವೇ ಇಲ್ಲ. ಡಿಸ್ಕನ್ನು ಗೂಢಲಿಪೀಕರಿಸಲಿಲ್ಲ; ಅಮ್ಮನ ಹಾಡುಗಳಿಗೆ ಕಳ್ಳನ ಭಯವಿಲ್ಲ, ಸಿಗುವಷ್ಟು ಜನ ಅವನ್ನು ಕಲಿತು ಹಾಡಲಿ ಎಂದೇ ಅವಳ ಆಸೆ. ಅವುಗಳಿಗಿರುವ ನಿಜವಾದ ಅಪಾಯ ಮಳೆಗಾಲದ ಸಿಡಿಲು ಮತ್ತು ಹಳೆಯ ಡಿಸ್ಕು. ಅದರ ಬಗ್ಗೆ ನಾನು ಅಷ್ಟು ದಿನ ಯೋಚಿಸಿಯೇ ಇರಲಿಲ್ಲ! ಪಾಸ್‌ವರ್ಡಿನ ಮಡಿಯಲ್ಲಿ ಮುಳುಗಿದ್ದವನು ಒಂದೇ ಒಂದು ನಕಲು ತೆಗೆದಿರಲಿಲ್ಲ. ಈಗ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ ಹೋಗುತ್ತದೆ, ನಾನು ಊರಿಗೆ ಹೋದಾಗ ಇನ್ನೊಂದು ಪ್ರತಿ ಬೆಂಗಳೂರಿಗೆ ಬರುತ್ತದೆ.

ಹೊಸ ಪಾಸ್‌ವರ್ಡ್ ಇಡುವಾಗ ಅಮ್ಮ ನನ್ನನ್ನು ಆಚೆ ಕಳಿಸಿದಳು. ಎರಡೇ ನಿಮಿಷ. ಒಳಗೆ ಹೋದಾಗ ಕಸೂತಿ ಬಟ್ಟೆ ಮಡಚಿ ಬದಿಗಿಟ್ಟಿತ್ತು, ಪರದೆಯ ಮೇಲೆ ನೂರಾ ನಲವತ್ತನೆಯ ಹಾಡು ತೆರೆದಿತ್ತು, ಅವಳು ನೋಟ್‌ಬುಕ್ಕಿನಿಂದ ನೂರಾ ನಲವತ್ತೊಂದನೆಯದನ್ನು ಹುಡುಕುತ್ತಿದ್ದಳು. ಮರೆತುಹೋದರೆ ಎಂಬ ಭಯಕ್ಕೆ ಕೇಳಿದೆ, “ಎಂತ ಇಟ್ಟೆ?”

“ಯಾರಿಗೂ ಹೇಳ್ಬಾರ್ದು ಅಂತ ನೀನೇ ಹೇಳಿದ್ದಲ್ವಾ” ಅಂದಳು, ಪುಟ ತಿರುವುತ್ತಾ.